ಕಿರಿಯರ ಐಸ್ ಹಾಕಿ ವಿಶ್ವ ಟೂರ್ನಿ: ಐದರಲ್ಲಿ ನಾಲ್ಕು ತಂಡ ಮುಂದೆ ಹೋಗುವುದಾದರೆ ಗುಂಪು ಹಂತ ಯಾಕೆ?

ಹಲಸೂರಿನ ಅಂಪೈರ್:

ಶಾಂತಿನಗರದ ಹಾಕಿ ಕ್ರೀಡಾಂಗಣದಲ್ಲಿ ಶಾಲಾ ಟೂರ್ನಿಗಳಿಗೆ ಡ್ರಾ ಬರೆಯುವವನು ನಾನು. ಐಸ್ ಹಾಕಿಯ ಹುಚ್ಚು ಹಿಡಿಸಿದವನು ಟೊರೊಂಟೊದಲ್ಲಿರುವ ಅಕ್ಕನ ಮಗ. ಅವನ ಕಾಟಕ್ಕೆ ಪ್ರತಿ ಡಿಸೆಂಬರ್ 26ರಿಂದ ಜನವರಿ 5ರವರೆಗೆ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ನೋಡುತ್ತೇನೆ. ಆಟ ಸೊಗಸು. ಮಾದರಿ ನೋಡಿದರೆ ಮಾತ್ರ ಮೈ ಉರಿಯುತ್ತದೆ.

ಹತ್ತು ತಂಡ, ಐದೈದರ ಎರಡು ಗುಂಪು, ಪ್ರತಿ ಗುಂಪಿನಿಂದ ನಾಲ್ಕು ತಂಡ ಕ್ವಾರ್ಟರ್‌ಫೈನಲ್‌ಗೆ. ಇಪ್ಪತ್ತು ಪಂದ್ಯ ಆಡಿಸಿ ಕೈಬಿಡುವುದು ಎರಡೇ ತಂಡವನ್ನು! ಒಟ್ಟಾವದಲ್ಲಿ ನಡೆದ 2025ರ ಟೂರ್ನಿಯಲ್ಲಿ ಲಾಟ್ವಿಯಾ ಶೂಟೌಟ್‌ನಲ್ಲಿ ಕೆನಡಾವನ್ನು 3-2ರಿಂದ ಸೋಲಿಸಿತು. ಊರೆಲ್ಲ ಬೆರಗಾಯಿತು. ಕೆನಡಾ ಆದರೂ ಕ್ವಾರ್ಟರ್‌ಫೈನಲ್ ತಲುಪಿ, ಅಲ್ಲಿ ಜೆಕ್ ತಂಡದ ಎದುರು 3-4ರಿಂದ ಸೋತು ಹೊರಬಿತ್ತು. 2013ರವರೆಗೆ ಗುಂಪಿನ ಮೊದಲ ಸ್ಥಾನಕ್ಕೆ ನೇರ ಸೆಮಿಫೈನಲ್ ಸಿಗುತ್ತಿತ್ತು. ಎರಡು ಮತ್ತು ಮೂರನೆಯ ಸ್ಥಾನದವರಿಗಷ್ಟೇ ಕ್ವಾರ್ಟರ್‌ಫೈನಲ್. ಅದನ್ನು ತೆಗೆದದ್ದು ಸರಿಯೇ? ಅಥವಾ ಎಲ್ಲರೂ ಎಲ್ಲರ ಜೊತೆ ಆಡುವ ಹಳೆಯ ಲೀಗ್ ಪದ್ಧತಿಯೇ ಮೇಲೇ? ಹತ್ತು ತಂಡಗಳಿಗೆ ಅದು 45 ಪಂದ್ಯವಾಗುತ್ತದೆ, ಹನ್ನೊಂದು ದಿನದಲ್ಲಿ ಮುಗಿಯದು ಎಂಬುದು ಗೊತ್ತಿದೆ.

ಲೆಕ್ಕದ ಮೇಷ್ಟ್ರು, ಬಸವನಗುಡಿ:

ಲೀಗ್‌ನ ಆಸೆ ಬಿಡಿ ಸರ್. 1983ರಿಂದ 1995ರವರೆಗೆ ಪದಕಗಳನ್ನು ಅಂಕಪಟ್ಟಿಯೇ ಹಂಚುತ್ತಿತ್ತು, ಫೈನಲ್ ಎಂಬುದೇ ಇರಲಿಲ್ಲ. 1987ರ ಜನವರಿ 4ರಂದು ಚೆಕೊಸ್ಲೊವಾಕಿಯಾದ ಪಿಯೆಷ್ಟನಿಯಲ್ಲಿ ಏನಾಯಿತು ನೋಡಿ. ಕಡೆಯ ಪಂದ್ಯ ಕೆನಡಾ ಮತ್ತು ಸೋವಿಯತ್ ನಡುವೆ. ಸೋವಿಯತ್ ಹುಡುಗರಿಗೆ ಪದಕದ ಆಸೆಯೇ ಉಳಿದಿರಲಿಲ್ಲ. ಕೆನಡಾಕ್ಕೆ ಪದಕ ಖಚಿತವಾಗಿತ್ತು, ಚಿನ್ನಕ್ಕೆ ಐದು ಗೋಲುಗಳ ಅಂತರದ ಗೆಲುವು ಬೇಕಿತ್ತು. ಕೆನಡಾ 4-2ರಿಂದ ಮುಂದಿದ್ದಾಗ ಎರಡೂ ಬೆಂಚಿನವರು ಅಂಗಳಕ್ಕಿಳಿದು ಹೊಡೆದಾಡಿದರು. ಜಗಳ ನಿಲ್ಲಿಸಲು ದೀಪ ಆರಿಸಿದರು. ಎರಡೂ ತಂಡಗಳನ್ನು ಹೊರಗೆ ಹಾಕಿ, ಚಿನ್ನ ಫಿನ್‌ಲೆಂಡ್‌ಗೆ ಹೋಯಿತು. ಕಳೆದುಕೊಳ್ಳಲು ಏನೂ ಇಲ್ಲದ ತಂಡದ ಕೈಗೆ ಇನ್ನೊಬ್ಬರ ಚಿನ್ನವನ್ನು ಕೊಟ್ಟರೆ ಹೀಗಾಗುತ್ತದೆ. 1996ರಿಂದ ಪ್ಲೇಆಫ್ ಬಂತು.

ನನ್ನ ತಕರಾರು ಬೇರೆ. ಐದು ತಂಡಗಳ ಗುಂಪಿನಲ್ಲಿ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕುಳಿತಿರುತ್ತದೆ, ಕೊನೆಯ ಸುತ್ತಿನಲ್ಲೂ. 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಪಂದ್ಯ ಮುಗಿಸಿ ಕುಳಿತಿದ್ದಾಗ ಪಶ್ಚಿಮ ಜರ್ಮನಿ ಆಸ್ಟ್ರಿಯಾವನ್ನು 1-0ರಿಂದ ಗೆದ್ದಿತು. ಅಲ್ಜೀರಿಯಾವನ್ನು ಹೊರಗಿಟ್ಟು ಇಬ್ಬರೂ ಮುಂದೆ ಹೋಗಲು ಆ ಫಲಿತಾಂಶ ಸಾಕಾಯಿತು, ಉಳಿದ ಹೊತ್ತು ಚೆಂಡು ಅತ್ತಿತ್ತ ತಳ್ಳಿದರು. ಫುಟ್‌ಬಾಲ್‌ನಲ್ಲಿ ಅದಾದ ಮೇಲೆ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಇಟ್ಟರು. ಐದರ ಗುಂಪಿನಲ್ಲಿ ಆ ಮದ್ದು ಕೆಲಸಕ್ಕೆ ಬಾರದು. ಐಸ್ ಹಾಕಿಯಲ್ಲಿ ಅರವತ್ತು ನಿಮಿಷಕ್ಕೆ ಸಮಬಲವಾದರೆ ಸೋತವರಿಗೂ ಒಂದು ಅಂಕ ಬೇರೆ. ಇಬ್ಬರಿಗೂ ಒಂದೊಂದು ಅಂಕ ಸಾಲುವಂತಿದ್ದರೆ ಹೆಚ್ಚುವರಿ ಅವಧಿಯವರೆಗೆ ಯಾರು ಬೆವರು ಸುರಿಸುತ್ತಾರೆ?

ಚಿನ್ನಸ್ವಾಮಿಯ ಕೊನೆಯ ಸಾಲು:

ಅಂಕ ಸಮವಾದರೆ ಗೋಲಿನ ಅಂತರ ನೋಡಲಿ, ಅದೇ ಮಜಾ. 2024ರ ಮೇ 18ರಂದು ಆರ್‌ಸಿಬಿ ಚೆನ್ನೈಯನ್ನು ಬರೀ ಸೋಲಿಸಿದರೆ ಸಾಲದು, 18 ರನ್‌ಗಳಿಂದ ಸೋಲಿಸಬೇಕಿತ್ತು, 27ರಿಂದ ಸೋಲಿಸಿತು. ಆ ರಾತ್ರಿ ಎಂ.ಜಿ. ರಸ್ತೆಯಲ್ಲಿ ನಿಂತಿದ್ದವರನ್ನು ಕೇಳಿ, ಮಾದರಿ ನ್ಯಾಯವೋ ಅಲ್ಲವೋ ಎಂದು.

ಹಲಸೂರಿನ ಅಂಪೈರ್:

ಅವರು ಸಂಬಳದ ಆಟಗಾರರು ಸ್ವಾಮಿ, ಇವರು ಹದಿನೆಂಟು, ಹತ್ತೊಂಬತ್ತರ ಹುಡುಗರು. 2018ರ ಡಿಸೆಂಬರ್ 26ರಂದು ಕೆನಡಾ ಡೆನ್ಮಾರ್ಕ್‌ಗೆ 14-0 ಬಾರಿಸಿತು. ಹದಿನಾಲ್ಕನೆಯ ಗೋಲಿಗೆ ಬಹುಮಾನ ಇಡಬೇಕೇ? ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ನಿಯಮ ಇಲ್ಲಿ ಒಳ್ಳೆಯದು: ಅಂಕ ಸಮವಾದರೆ ಮೊದಲು ಆ ತಂಡಗಳ ನಡುವಿನ ಪಂದ್ಯವನ್ನೇ ನೋಡುತ್ತಾರೆ, ಬಡಪಾಯಿಯನ್ನು ಚಚ್ಚಿದ ಲೆಕ್ಕವನ್ನಲ್ಲ.

ರೋಲರ್ ಹಾಕಿ ಹುಡುಗಿಯ ತಾಯಿ, ವೈಟ್‌ಫೀಲ್ಡ್:

ಚಚ್ಚುವುದು ತಪ್ಪಬೇಕಾದರೆ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ನೋಡಿ. ಅಲ್ಲಿ ಬಲಿಷ್ಠ ಐದು ತಂಡಗಳು ಎ ಗುಂಪಿನಲ್ಲಿ, ಉಳಿದ ಐದು ಬಿ ಗುಂಪಿನಲ್ಲಿ. ಎ ಗುಂಪಿನ ಐದೂ, ಬಿ ಗುಂಪಿನ ಮೊದಲ ಮೂರೂ ಕ್ವಾರ್ಟರ್‌ಫೈನಲ್‌ಗೆ. ಸರಿಸಮರ ಜೊತೆ ಆಟ. ಇನ್ನೊಂದು ಮಾತು: ತಾಯಂದಿರು ಲೆಕ್ಕ ಹಾಕುವುದು ಪದಕವನ್ನಲ್ಲ, ಮಗುವಿಗೆ ಎಷ್ಟು ಪಂದ್ಯ ಸಿಕ್ಕಿತು ಎಂಬುದನ್ನು. ಕೊಡವ ಕುಟುಂಬಗಳ ಹಾಕಿ ಹಬ್ಬ ನಾಕೌಟ್ ಆದರೂ ನಡೆಯುತ್ತದೆ, ಸೋತವರು ಅಲ್ಲೇ ನೆಂಟರ ಮನೆಗೆ ಹೋಗುತ್ತಾರೆ. ಸಾಗರ ದಾಟಿ ಬಂದ ಮಕ್ಕಳು ಎಲ್ಲಿಗೆ ಹೋಗಬೇಕು?

ಹಲಸೂರಿನ ಅಂಪೈರ್:

ಮೇಡಂ, ಎ ಗುಂಪಿನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತವರು ಕ್ವಾರ್ಟರ್‌ಫೈನಲ್ ಆಡುವುದು ನನಗೆ ಒಗ್ಗುವುದಿಲ್ಲ. ಪಂದ್ಯಗಳ ಸಂಖ್ಯೆಯ ಮಾತು ಮಾತ್ರ ಸರಿಯಾದ ಜಾಗಕ್ಕೆ ತಾಗಿತು. ನಿನ್ನೆ ರಾತ್ರಿ 2013ರ ಮಾದರಿಯನ್ನು ಕಾಗದದ ಮೇಲೆ ಬಿಡಿಸಿದೆ. ಗುಂಪು ಗೆದ್ದವರಿಗೆ ನಾಲ್ಕು, ಸೆಮಿಫೈನಲ್, ಪದಕದ ಪಂದ್ಯ: ಆರು. ಕ್ವಾರ್ಟರ್‌ಫೈನಲ್ ಗೆದ್ದವರಿಗೆ ಏಳು. ಅದರಲ್ಲಿ ಸೋತವರಿಗೆ ಐದನೆಯ ಸ್ಥಾನದ ಪಂದ್ಯ ಸೇರಿ ಆರು. ಗುಂಪಿನ ಕೊನೆಯ ಇಬ್ಬರು ಇನ್ನೊಂದು ಗುಂಪಿನ ಕೊನೆಯ ಇಬ್ಬರ ಜೊತೆ ಆಡುತ್ತಿದ್ದರು, ಅವರಿಗೂ ಆರು. ಆ ನಾಲ್ವರಲ್ಲಿ ಕೊನೆಯವರು ಕೆಳದರ್ಜೆಗೆ ಇಳಿಯುತ್ತಿದ್ದುದರಿಂದ ಯಾರೂ ಕಾಟಾಚಾರಕ್ಕೆ ಆಡುವಂತಿರಲಿಲ್ಲ. ಒಟ್ಟು 31 ಪಂದ್ಯ. ಈಗ ಕ್ವಾರ್ಟರ್‌ಫೈನಲ್‌ನಲ್ಲಿ ಸೋತವರು ಐದಕ್ಕೇ ಗಂಟುಮೂಟೆ ಕಟ್ಟಬೇಕು. ನನ್ನ ಮತ ಹಳೆಯದಕ್ಕೆ.

ಲೆಕ್ಕದ ಮೇಷ್ಟ್ರು, ಬಸವನಗುಡಿ:

ಒಪ್ಪಿದೆ. ಆದರೆ ಕೊನೆಯ ದಿನ ಸುಮ್ಮನೆ ಕೂರುವ ತಂಡ ಅಲ್ಲೂ ಇದೆಯಲ್ಲ?

ಹಲಸೂರಿನ ಅಂಪೈರ್:

ಇದೆ. ಆ ಸುಮ್ಮನೆ ಕೂರುವ ಸರದಿಯನ್ನು ಆತಿಥೇಯರಿಗೇ ಕೊಡಬೇಕು, ವೇಳಾಪಟ್ಟಿಯಲ್ಲಿ ಅವರ ಮಾತೇ ನಡೆಯುವುದರಿಂದ. ನಮ್ಮ ಮುಂದಿನ ಶಾಲಾ ಟೂರ್ನಿಯಲ್ಲಿ ಐದರ ಗುಂಪು ಬಂದರೆ ಹಾಗೆಯೇ ಬರೆಯುತ್ತೇನೆ. ಆತಿಥೇಯ ಶಾಲೆಯ ಪಿ.ಟಿ. ಮೇಷ್ಟ್ರು ಜಗಳಕ್ಕೆ ಬರುತ್ತಾರೆ, ಆಗ ನಿಮ್ಮ ಅಲ್ಜೀರಿಯಾದ ಕತೆಯನ್ನು ನೀವೇ ಬಂದು ಹೇಳಬೇಕು.