ಹೊರಳಿ ಬರುವುದೂ ಪಶ್ಚಾತ್ತಾಪವೂ ಒಂದೇ ಏನು?

ಬಲ್ಲವರಿಗೆ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಕರಡು ತಿದ್ದುವವನು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳಲ್ಲಿ ಹಂಚಲೆಂದು ಬೆಟಗೇರಿಯ ಕ್ರೈಸ್ತ ಸಭೆಯೊಂದರವರು ಎಂಟು ಪುಟದ ಕಿರುಹೊತ್ತಿಗೆಯೊಂದನ್ನು ಕೊಟ್ಟಿದ್ದಾರೆ. ಮೊದಲ ಪುಟದಲ್ಲೇ ‘ಪಶ್ಚಾತ್ತಾಪ’ ಐದು ಸಲ ಬಂದಿದೆ. ಐದಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿ ಕುಳಿತಿದ್ದೇನೆ. ಹೊಡೆದುಹಾಕಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ.

ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಬೇಗೆ. ಮಾಡಬಾರದ್ದನ್ನು ಮಾಡಿದ ಮೇಲೆ ಎದೆಯಲ್ಲಿ ಏಳುವ ಉರಿ. ಉರಿ ಎದ್ದವನು ಕುಳಿತಲ್ಲೇ ಕುಳಿತಿರಬಹುದು. ಬೈಬಲಿನ ಹೀಬ್ರೂ ಪ್ರವಾದಿಗಳು ಈ ಜಾಗದಲ್ಲಿ ಬಳಸುವ ‘ಶೂಬ್’ ಎಂಬ ಪದ ಹಾಗಲ್ಲ. ಅದು ಕಾಲಿಗೆ ಕೆಲಸ ಕೊಡುವ ಮಾತು: ತಿರುಗು, ಮರಳು. ಪ್ರವಾದಿ ಜೆಕರ್ಯನ ಗ್ರಂಥದ ಮೊದಲ ಅಧ್ಯಾಯದಲ್ಲಿ ದೇವರು ‘ನನ್ನ ಕಡೆಗೆ ತಿರುಗಿರಿ, ನಾನೂ ನಿಮ್ಮ ಕಡೆಗೆ ತಿರುಗುತ್ತೇನೆ’ ಎನ್ನುವಾಗ ಎರಡೂ ಕಡೆ ಅದೇ ಧಾತು. ಅಲ್ಲಿ ಪಶ್ಚಾತ್ತಾಪವನ್ನು ಇಟ್ಟು ನೋಡಿ. ದೇವರೂ ಏನೋ ತಪ್ಪು ಮಾಡಿ ಬೇಯುತ್ತಿದ್ದಾನೆ ಎಂದಾಗುತ್ತದೆ.

ಪಶ್ಚಾತ್ತಾಪ ಸರಿಯಾಗಿ ಕೂರುವ ಜಾಗ ಒಂದಿದೆ, ಅದು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನದು. ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಹೋದವನ ಬಗ್ಗೆ ಮತ್ತಾಯನು ತನ್ನ ಸುವಾರ್ತೆಯಲ್ಲಿ, ಮನಸ್ಸು ಬದಲಾಗುವುದು ಎಂಬರ್ಥದ ‘ಮೆಟನೋಯ’ ಎಂಬ ಗ್ರೀಕ್ ಪದವನ್ನು ಬಳಸುವುದಿಲ್ಲ, ಕೊರಗು ಎಂಬರ್ಥದ ಬೇರೆಯದೇ ಪದವನ್ನು ಬಳಸುತ್ತಾನೆ. ಅದರ ಹಿಂದಿನ ರಾತ್ರಿ ಮೂರು ಸಲ ಗುರುವನ್ನು ಅರಿಯೆನೆಂದ ಪೇತ್ರನಿಗೆ ಲೂಕನ ಸುವಾರ್ತೆಯಲ್ಲಿ ಯೇಸು ಮೊದಲೇ ಹೇಳಿಟ್ಟಿದ್ದ ಮಾತು ‘ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು’. ಇಬ್ಬರೂ ಬೆಂದವರೇ. ಒಬ್ಬನು ಹಿಂದಿರುಗಿದನು.

ನಮ್ಮ ಅನುವಾದಕರಿಗೆ ಇದು ತಿಳಿಯದೆ ಇರಲಿಲ್ಲ. ಹಳೆಯ ಕನ್ನಡ ಬೈಬಲಾದ ಸತ್ಯವೇದದಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದಿದೆ. ಕಥೋಲಿಕರಲ್ಲಿ ‘ಪಾಪಕ್ಕೆ ವಿಮುಖರಾಗಿ ದೇವರಿಗೆ ಅಭಿಮುಖರಾಗಿರಿ’ ಎಂದು ಓದುತ್ತಾರೆ. ಕಿವಿಗೆ ಗಂಭೀರವಾಗಿದೆ, ಆದರೆ ನಮ್ಮೂರಲ್ಲಿ ಯಾರೂ ಮನೆಗೆ ಅಭಿಮುಖರಾಗುವುದನ್ನು ನಾನು ಕಂಡಿಲ್ಲ. ‘ಮಾನಸಾಂತರ’ ಮೆಟನೋಯ ಎಂಬ ಗ್ರೀಕ್ ಪದದ ನೇರ ಅಚ್ಚು. ಅದು ಚರ್ಚಿನ ಗೋಡೆ ದಾಟಿದ ಪದವಲ್ಲ. ಒಮ್ಮೆ ಒಂದು ಕರಡಿನಲ್ಲಿ ಅದು ‘ಮತಾಂತರ’ ಆಗಿ ಬಂದಿತ್ತು, ಹಾಗೆಯೇ ಅಚ್ಚಾಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಈ ಗೊಂದಲವನ್ನು ಕರಡು ತಂದುಕೊಟ್ಟ ಅಜ್ಜಿಯ ಮುಂದೆ ಹೇಳಿದೆ. ಅವರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ‘ಅದಕ್ಕೇನು, ಹೊಳ್ಳಿ ಬಾ ಅಂತ ಬರೆಯಪ್ಪ’ ಎಂದರು. ಹೊಳ್ಳಿ, ಅಂದರೆ ಹೊರಳಿ. ಧಾರವಾಡ, ಗದಗದ ಕಡೆ ಹಿಂದಿರುಗು ಎಂಬುದಕ್ಕೂ ಮತ್ತೊಮ್ಮೆ ಎಂಬುದಕ್ಕೂ ಇದೇ ಮಾತು. ಶೂಬ್ ಕೂಡ ಹೀಬ್ರೂವಿನಲ್ಲಿ ಈ ಎರಡೂ ಕೆಲಸ ಮಾಡುತ್ತದೆ! ಆದರೆ ಮೈಸೂರಿನ ಕಡೆಯ ಓದುಗರಿಗೆ ಹೊರಳುವುದೆಂದರೆ ಮಗ್ಗುಲು ಬದಲಿಸುವುದು, ಮಣ್ಣಿನಲ್ಲಿ ಹೊರಳಾಡುವುದು. ‘ದೇವರ ಕಡೆಗೆ ಹೊರಳಿರಿ’ ಎಂದರೆ ಉರುಳುಸೇವೆ ನೆನಪಾದೀತು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಯಾರ ಕಡೆಗೆ ತಿರುಗಬೇಕೋ ಅವನ ಪ್ರೀತಿಗೆ ಹೀಬ್ರೂವಿನಲ್ಲಿ ‘ಹೆಸೆದ್’ ಎಂಬ ಪದವಿದೆ. 136ನೆಯ ಕೀರ್ತನೆಯ 26 ವಚನಗಳಲ್ಲೂ ಅದೇ ಪಲ್ಲವಿ. ‘ಆತನ ಕೃಪೆಯು ಶಾಶ್ವತ’ ಎಂದು ಕನ್ನಡದಲ್ಲಿ ಹೇಳಿಕೊಂಡು ಬಂದಿದ್ದೇವೆ. ಇಸ್ರಾಯೇಲರಿಗೆ ಎದುರಾದ ಬಾಷಾನಿನ ಅರಸ ಓಗನನ್ನು ದೇವರು ಕೊಂದದ್ದಕ್ಕೂ ಅದೇ ಪಲ್ಲವಿ. ಓಗನ ಪಾಲಿಗೆ ಅದೆಂಥ ಕೃಪೆ! ಒಡಂಬಡಿಕೆ ಮಾಡಿಕೊಂಡವರ ಕೈಬಿಡದಿರುವ ನಿಷ್ಠೆ ಆ ಪದದೊಳಗಿದೆ, ಅದಕ್ಕೇ ಅಲ್ಲಿ ಒಪ್ಪುತ್ತದೆ. ಮೇಲಾಗಿ ಕೃಪೆ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತದೆ. ಹೆಸೆದ್ ಎರಡೂ ಕಡೆಯಿಂದ ನಡೆಯುತ್ತದೆ. ನಿಮ್ಮ ಹೆಸೆದ್ ಬೆಳಗಿನ ಮಂಜಿನಂತೆ ಕರಗಿಹೋಗುತ್ತದೆ ಎಂದು ಪ್ರವಾದಿ ಹೋಶೇಯನ ಗ್ರಂಥದ ಆರನೆಯ ಅಧ್ಯಾಯದಲ್ಲಿ ದೇವರೇ ಜನರನ್ನು ದೂರುತ್ತಾನೆ. ಜನರು ದೇವರಿಗೆ ಕೃಪೆ ಮಾಡುವುದು ಹೇಗೆ? ರೂತಳು ಅತ್ತೆಯನ್ನು ಬಿಟ್ಟುಹೋಗದೆ ನಿಂತದ್ದೂ ಹೆಸೆದ್. ‘ಅಚಲ ಪ್ರೀತಿ’ ಎಂದರೆ ಅರ್ಧ ಮಾತ್ರ ಸಿಕ್ಕಿತು. ಅಚಲವಾದದ್ದು ಕಲ್ಲು, ಅದು ಯೇಸು ಹೇಳಿದ ತಪ್ಪಿಹೋದ ಮಗನ ಕಥೆಯ ತಂದೆಯಂತೆ ಮನೆಬಾಗಿಲಿನಿಂದ ಓಡಿಬಂದು ಮಗನ ಕೊರಳಿಗೆ ಬೀಳುವುದಿಲ್ಲ.

ನನಗೆ ತೋಚುವುದು ‘ಅಂತಃಕರಣ’. ನಮ್ಮ ಕಡೆ ಅಂತಃಕರಣದವರು ಎಂದರೆ ನಮ್ಮವರೆಂದು ಹಚ್ಚಿಕೊಂಡು ಮರುಗುವವರು. ಇದು ಕಿರಿಯರಲ್ಲೂ ಇರಬಹುದು, ಹಿರಿಯರಲ್ಲೂ ಇರಬಹುದು. ಆದರೆ ಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಮನಸ್ಸು, ಬುದ್ಧಿ ಸೇರಿದ ಒಳಗಿನ ಕರಣ ಎಂಬ ಅರ್ಥ.

ಆದ್ದರಿಂದ ಎರಡು ಪ್ರಶ್ನೆ. ಹಾವೇರಿಯಿಂದ ಕೆಳಕ್ಕೆ, ದಾವಣಗೆರೆ, ಶಿವಮೊಗ್ಗದ ಕಡೆ, ‘ಹೊರಳಿ ಬಾ’ ಎಂದರೆ ಹಿಂದಿರುಗಿ ಬಾ ಎಂದೇ ತಿಳಿಯುತ್ತದೆಯೇ? ‘ದೇವರ ಅಂತಃಕರಣ’ ಎಂದು ಅಚ್ಚಾದರೆ ನಿಮ್ಮೂರಿನ ಓದುಗರು ಪ್ರೀತಿ ಎಂದುಕೊಳ್ಳುತ್ತಾರೋ, ದೇವರ ಮನಸ್ಸು ಎಂದುಕೊಳ್ಳುತ್ತಾರೋ? ಗುರುವಾರ ಅಜ್ಜಿ ಕರಡು ಒಯ್ಯಲು ಬರುತ್ತಾರೆ. ಅಷ್ಟರೊಳಗೆ ತಿಳಿಸಿದರೆ ಐದು ಸುತ್ತುಗಳಲ್ಲಿ ಮೂರನ್ನಾದರೂ ತಿದ್ದುತ್ತೇನೆ.