ಓದುಗರ ಸ್ಪಂದನ: ಪುಸ್ತಕ ಕೊಟ್ಟರೆ ಬಾಯಿಗೆ, ಫೋನ್ ತೆಗೆದರೆ ಅಳು

ಪ್ರಶ್ನೆ: ಮಗಳಿಗೆ ಈಗ 10 ತಿಂಗಳು. ಫೋನಿನಲ್ಲಿ ಹಾಡು ಹಾಕದಿದ್ದರೆ ಒಂದು ತುತ್ತೂ ಇಳಿಯುವುದಿಲ್ಲ. ಮನೆಯಲ್ಲಿ ಟಿ.ವಿ. ಬೆಳಿಗ್ಗೆ ಹಾಕಿದರೆ ಆರಿಸುವುದು ರಾತ್ರಿಯೇ. ಪುಸ್ತಕ ಹಿಡಿದು ಕೂತರೆ ಎರಡು ನಿಮಿಷವೂ ನಿಲ್ಲುವುದಿಲ್ಲ, ಕಚ್ಚುತ್ತಾಳೆ, ಹರಿಯುತ್ತಾಳೆ. ‘ಮಾತೇ ಬಾರದ ಕೂಸಿಗೆ ಓದಿ ಏನು ಪ್ರಯೋಜನ’ ಎಂದು ಅತ್ತೆ ಕೇಳುತ್ತಾರೆ. ಉತ್ತರ ಕೊಡಲು ನನಗೂ ಗೊತ್ತಾಗುತ್ತಿಲ್ಲ. ಏನು ಮಾಡಲಿ?

*

ಮೊದಲು ಊಟದ ವಿಷಯ, ಏಕೆಂದರೆ ಗಂಟು ಬಿದ್ದಿರುವುದು ಅಲ್ಲೇ. ಪರದೆ ನೋಡುತ್ತಾ ತಿನ್ನುವ ಮಗು ಬಾಯಿ ತೆರೆಯುತ್ತದೆಯೇ ಹೊರತು ಊಟದತ್ತ ಗಮನ ಕೊಡುವುದಿಲ್ಲ. ಹಸಿವು ಎಷ್ಟಿದೆ, ಹೊಟ್ಟೆ ಯಾವಾಗ ತುಂಬಿತು ಎಂದು ಗುರುತಿಸುವುದು, ಅಗಿಯುವುದು, ತಾನೇ ಎತ್ತಿ ಬಾಯಿಗಿಡುವುದು ಎಲ್ಲವನ್ನೂ ಕಲಿಯುವ ವಯಸ್ಸು ಇದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 1 ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದೂ ಕಡಿಮೆಯಾದಷ್ಟೂ ಒಳ್ಳೆಯದು. ಮಗು ಕೂತಿರುವ ಹೊತ್ತಿನಲ್ಲಿ ದೊಡ್ಡವರು ಓದಿ ಹೇಳಲಿ, ಕತೆ ಹೇಳಲಿ ಎಂದೂ ಅದೇ ಮಾರ್ಗಸೂಚಿಯಲ್ಲಿದೆ.

ಎಲ್ಲ ಊಟವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮಗಳಿಗೆ ಚೆನ್ನಾಗಿ ಹಸಿವಾಗುವ ಒಂದು ಹೊತ್ತನ್ನು ಆರಿಸಿಕೊಳ್ಳಿ. ಅದಕ್ಕೆ ಮೊದಲು ಹಾಲು ಕುಡಿಸಿ ಕನಿಷ್ಠ 2 ಗಂಟೆಯಾದರೂ ಆಗಿರಲಿ. ಅರೆಹೊಟ್ಟೆ ತುಂಬಿದ ಮಗುವನ್ನು ಕೂರಿಸಿ ಫೋನೂ ಇಲ್ಲ ಅಂದರೆ ಗೆಲ್ಲುವುದು ಕಷ್ಟ. ಬೆನ್ನು ನೆಟ್ಟಗಿರುವಂತೆ ಕೂರಿಸಿ, ನೀವೂ ಎದುರಿಗೆ ಕೂತು ಉಣ್ಣಿ. ಬೆರಳಲ್ಲಿ ಹಿಸುಕಿದರೆ ಮೆದುವಾಗುವಂಥ ತುಣುಕು ಎರಡು-ಮೂರು ಅವಳ ಮುಂದೆಯೇ ಇರಲಿ. ಚೆಲ್ಲಿದರೆ ಚೆಲ್ಲಲಿ. ಫೋನ್ ಮೇಜಿನ ಮೇಲೆ ಮಗುಚಿಟ್ಟರೆ ಸಾಲದು, ಪಕ್ಕದ ಕೋಣೆಗೆ ಹೋಗಬೇಕು. ನಿಮ್ಮದೂ, ಮನೆಯ ಉಳಿದವರದೂ. 20–30 ನಿಮಿಷದಲ್ಲಿ ತಿಂದಷ್ಟು ತಿನ್ನಲಿ. ಮುಖ ತಿರುಗಿಸಿದರೆ, ತುಟಿ ಬಿಗಿದರೆ ಊಟ ಮುಗಿಯಿತು. ಬೈಯುವುದು, ಮನೆಯೆಲ್ಲ ಹಿಂದೆ ತಿರುಗಿ ತುರುಕುವುದು ಬೇಡ.

ಮೊದಮೊದಲು ಅಳು ಹೆಚ್ಚುತ್ತದೆ, ಊಟ ಕಡಿಮೆಯಾಗುತ್ತದೆ. ಬಹುತೇಕ ಮನೆಗಳು ಸೋಲುವುದು ಇಲ್ಲೇ. ಮೂರು ದಿನ ತಡೆದು ನಾಲ್ಕನೆಯ ದಿನ ಜೋರು ಅಳುವಿಗೆ ಫೋನ್ ಕೊಟ್ಟರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ; ಮುಂದೆ ಬಿಡಿಸುವುದು ಮೊದಲಿಗಿಂತ ಕಷ್ಟ. ಒಂದು ಹೊತ್ತಿನ ಊಟ ಹದಕ್ಕೆ ಬಂದ ಮೇಲೆ ಇನ್ನೊಂದಕ್ಕೆ ಕೈಹಾಕಿ. ಒಂದು ಹೊತ್ತು ಕಡಿಮೆ ತಿಂದಳೆಂದು ಗಾಬರಿಯಾಗಬೇಡಿ, ಲೆಕ್ಕ ಹಿಡಿಯಬೇಕಾದ್ದು ವಾರದ್ದು. ಆದರೆ ಮೂತ್ರ ಕಡಿಮೆಯಾದರೆ, ಮಂಕಾಗಿದ್ದರೆ, ತೂಕ ಏರದಿದ್ದರೆ ವೈದ್ಯರಿಗೆ ತೋರಿಸಿ. ಫೋನಿನ ಜಾಗಕ್ಕೆ ಪುಸ್ತಕ ತಂದು ಉಣ್ಣಿಸುತ್ತೇನೆ ಎಂಬ ಯೋಚನೆಯಿದ್ದರೆ ಅದೂ ಬೇಡ. ಊಟದ ಹೊತ್ತಿನಲ್ಲಿ ಅದು ಇನ್ನೊಂದು ಆಮಿಷ, ಅಷ್ಟೆ. ಪುಸ್ತಕಕ್ಕೆ ಬೇರೆ ಹೊತ್ತಿದೆ.

– ಮಕ್ಕಳ ವೈದ್ಯೆ

*

ಕಚ್ಚುತ್ತಾಳೆ, ಹರಿಯುತ್ತಾಳೆ ಎಂದು ಬರೆದಿದ್ದೀರಿ. ಈ ವಯಸ್ಸಿನಲ್ಲಿ ಹೊಸ ವಸ್ತು ಯಾವುದೇ ಇರಲಿ, ಮಗು ಅದನ್ನು ಬಾಯಲ್ಲಿಟ್ಟೇ ತಿಳಿಯುವುದು. ಬದಲಾಗಬೇಕಾದ್ದು ಪುಸ್ತಕ, ಮಗುವಲ್ಲ. ತೆಳು ಹಾಳೆಯವನ್ನು ಸದ್ಯಕ್ಕೆ ಎತ್ತಿಡಿ. ದಪ್ಪ ರಟ್ಟಿನ ಪುಟಗಳಿರುವ, ಅಂಗೈಗೆ ತುಸು ದೊಡ್ಡದಾದ, ಮೂಲೆ ದುಂಡಗಿರುವ ಬೋರ್ಡ್ ಬುಕ್ 3–4 ಇದ್ದರೆ ಧಾರಾಳ. ಪುಟಕ್ಕೆ ಒಂದೇ ಚಿತ್ರ, ಹಿಂದೆ ಗಜಿಬಿಜಿಯಿಲ್ಲದ ಬಣ್ಣ. ಮಕ್ಕಳ ಮುಖಗಳಿರುವ ಪುಸ್ತಕ ಸಿಕ್ಕರೆ ಅದನ್ನೇ ತನ್ನಿ. ಕೂಸುಗಳಿಗೆ ಮುಖಕ್ಕಿಂತ ಹೆಚ್ಚು ಇಷ್ಟವಾಗುವ ಚಿತ್ರ ಇನ್ನೊಂದಿಲ್ಲ.

ಕೊಳ್ಳಲೇಬೇಕೆಂದೂ ಇಲ್ಲ. ಗಟ್ಟಿ ರಟ್ಟನ್ನು ಒಂದೇ ಅಳತೆಗೆ 6 ತುಂಡು ಮಾಡಿ. ಮನೆಯವರ ಫೋಟೊ, ಅವಳ ಲೋಟ, ಅವಳ ಚಪ್ಪಲಿಯ ಫೋಟೊ ಅಂಟಿಸಿ, ಎರಡೂ ಬದಿಗೆ ಅಗಲದ ಪಾರದರ್ಶಕ ಟೇಪನ್ನು ಅಂಚಿನಾಚೆಗೂ ಮಡಚಿ ಹಚ್ಚಿ. ಅಂಚು ತೆರೆದಿದ್ದರೆ ಜೊಲ್ಲು ಒಳಗಿಳಿದು ರಟ್ಟು ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ, ಆ ಚೂರು ಗಂಟಲಿಗೆ ಸಿಕ್ಕೀತು. ಪುಟಗಳನ್ನು ಬಟ್ಟೆಪಟ್ಟಿಯಿಂದ ಅಂಟಿಸಿ ಜೋಡಿಸಿ. ಸ್ಟೇಪ್ಲರ್ ಪಿನ್ನು, ಉದ್ದದ ದಾರ ಎರಡೂ ಬೇಡ. ಅಂಗಡಿಯ ಬೋರ್ಡ್ ಬುಕ್ಕಿನ ಮೂಲೆ ಮೆತ್ತಗಾಗಿ ಸಿಪ್ಪೆ ಏಳತೊಡಗಿದರೂ ಅದರ ಕೆಲಸ ಮುಗಿಯಿತು ಎಂದೇ ತಿಳಿಯಿರಿ. ಗುಂಡಿ ಒತ್ತಿದರೆ ಸದ್ದು ಮಾಡುವ ಪುಸ್ತಕಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಒಳಗೆ ಬಟನ್ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ತೀವ್ರವಾದ ಸುಟ್ಟಗಾಯವಾಗಬಹುದು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಅಂಥದ್ದು ಮನೆಯೊಳಗೆ ಬರುವುದೇ ಬೇಡ.

ಇನ್ನು ಓದುವ ಕ್ರಮ. ನಿದ್ದೆ ಮುಗಿದು, ಹೊಟ್ಟೆ ತಣ್ಣಗಿರುವ ಹೊತ್ತು ನೋಡಿ ಮಡಿಲಲ್ಲಿ ಕೂರಿಸಿಕೊಳ್ಳಿ. ಪುಸ್ತಕ ಅವಳ ಕೈಗೇ ಹೋಗಲಿ. ಅವಳು ಚಿತ್ರ ನೋಡಿದರೆ ನೀವು ಅದರ ಮೇಲೆ ಬೆರಳಿಟ್ಟು ಹೆಸರು ಹೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಈ ಕಾಯುವಿಕೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ಅವಳು ‘ಬಾ’ ಎನ್ನಲಿ, ಕಾಲು ಒದೆಯಲಿ, ನಿಮ್ಮ ಮುಖ ನೋಡಲಿ, ಅದೇ ಅವಳ ಉತ್ತರ, ‘ಹೌದಲ್ಲಾ, ಬೆಕ್ಕು! ಬೆಕ್ಕು ಮಲಗಿದೆ’ ಎಂದು ಮಾತು ಮುಂದುವರಿಸಿ. ಅಚ್ಚಾದ ಸಾಲುಗಳನ್ನೆಲ್ಲ ಓದಬೇಕಿಲ್ಲ. ಮುಂದಿನ ಪುಟವನ್ನು ಬೆರಳಿಂದ ತುಸು ಎತ್ತಿ ಹಿಡಿದರೆ ಉಳಿದದ್ದನ್ನು ಅವಳೇ ಮಗುಚುತ್ತಾಳೆ. ನಡುವಿನ ಪುಟ ಹಾರಿಸಲಿ, ತಲೆಕೆಳಗೆ ಹಿಡಿಯಲಿ. ಎರಡು ನಿಮಿಷವೂ ನಿಲ್ಲುವುದಿಲ್ಲ ಎಂದು ಬೇಸರಪಟ್ಟಿದ್ದೀರಿ. ಈ ವಯಸ್ಸಿಗೆ ಎರಡು ನಿಮಿಷ ಒಳ್ಳೆಯ ಓದೇ. ತೆವಳಿಕೊಂಡು ಹೋದರೆ ಬಿಡಿ, ದಿನದಲ್ಲಿ 3–4 ಸಲ ಹೀಗೆ ಕೂತರೆ ಸಾಕು. ಒಂದೇ ಪುಸ್ತಕ ಮತ್ತೆ ಮತ್ತೆ ಬೇಕೆಂದರೆ ಅದನ್ನೇ ಓದಿ. ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದು ಕೂಸಿಗೆ ದೊಡ್ಡ ಸಂತೋಷ, ಮಾತು ನೆಲೆಯೂರುವುದೂ ಹಾಗೆಯೇ.

ಪುಸ್ತಕಗಳು ಕಪಾಟಿನ ಮೇಲಲ್ಲ, ಅವಳು ತೆವಳುವ ನೆಲದ ಮೇಲಿನ ಬುಟ್ಟಿಯಲ್ಲಿರಲಿ.

– ಮಕ್ಕಳ ವಿಭಾಗದ ಗ್ರಂಥಪಾಲಕಿ

*

‘ಮಾತೇ ಬಾರದ ಕೂಸಿಗೆ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಮಾತಾಡುವುದಕ್ಕೆ ಎಷ್ಟೋ ಮೊದಲೇ ಮಗು ಮಾತನ್ನು ತಿಳಿಯತೊಡಗುತ್ತದೆ. 6ರಿಂದ 9 ತಿಂಗಳ ಕೂಸುಗಳಿಗೇ ದಿನಬಳಕೆಯ ಕೆಲವು ಪದಗಳು ಅರ್ಥವಾಗುತ್ತವೆ ಎಂದು ಸಂಶೋಧನೆಗಳು ತೋರಿಸಿವೆ.

ಹಾಗಾದರೆ ಫೋನಿನ ಹಾಡೂ ಮಾತೇ ಅಲ್ಲವೇ? ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ 9 ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನಾದ ಮ್ಯಾಂಡರಿನ್ ಮಾತಾಡುವವರು ಕೂತು ಪುಸ್ತಕ ಓದಿದರು, ಆಟವಾಡಿಸಿದರು. ಹೀಗೆ ಸುಮಾರು 25 ನಿಮಿಷದ 12 ಬೈಠಕ್‌ಗಳಾದ ಮೇಲೆ ಆ ಮಕ್ಕಳು ಮ್ಯಾಂಡರಿನ್‌ನ ಧ್ವನಿವ್ಯತ್ಯಾಸವನ್ನು ಗುರುತಿಸತೊಡಗಿದರು. ಅದೇ ಜನ, ಅದೇ ಮಾತು ವಿಡಿಯೊದಲ್ಲಿ ಬಂದಾಗ ಮಕ್ಕಳು ಏನನ್ನೂ ಕಲಿಯಲಿಲ್ಲ. ಮಗು ಎತ್ತ ನೋಡುತ್ತಿದೆ ಎಂದು ಪರದೆಗೆ ತಿಳಿಯದು. ಮಗುವಿನ ‘ಬಾ’ಗೆ ಅದು ನಿಂತು ಉತ್ತರಿಸುವುದೂ ಇಲ್ಲ.

ಟಿ.ವಿ.ಯನ್ನು ಮಾತ್ರ ನಿಧಾನವಾಗಿ ಬಿಡಿಸುವ ಅಗತ್ಯವಿಲ್ಲ, ಇವತ್ತೇ ಆರಿಸಿ. ಯಾರೂ ನೋಡದೆ ಸುಮ್ಮನೆ ಓಡುತ್ತಿರುವ ಟಿ.ವಿ.ಯೂ ಮಗುವಿನ ಆಟವನ್ನು ತುಂಡರಿಸುತ್ತದೆ, ಮನೆಯವರು ಮಗುವಿನೊಡನೆ ಆಡುವ ಮಾತನ್ನು ಕಡಿಮೆ ಮಾಡುತ್ತದೆ. ದೊಡ್ಡವರ ಕಾರ್ಯಕ್ರಮ ಮಗು ಮಲಗಿದ ಮೇಲೆ ನಡೆಯಲಿ. ದೂರದ ಊರಿನ ಅಪ್ಪನೋ ಅಜ್ಜನೋ ವಿಡಿಯೊ ಕರೆ ಮಾಡಿದರೆ ತಡೆಯಬೇಡಿ. ಅಲ್ಲಿ ಆಚೆಯವರು ಮಗುವಿಗೇ ಉತ್ತರಿಸುತ್ತಾರೆ. ನೀವು ಪಕ್ಕದಲ್ಲಿದ್ದು ‘ಅಜ್ಜ ಕೈ ಬೀಸುತ್ತಿದ್ದಾರೆ’ ಎಂದು ಹೇಳಿಕೊಡಿ.

ಪುಸ್ತಕದ ಜೊತೆಗೆ ಇದನ್ನೂ ಗಮನಿಸಿ: 12 ತಿಂಗಳಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರುವುದು, ಕೈ ಬೀಸುವುದು ಯಾವುದೂ ಇಲ್ಲದಿದ್ದರೆ, ‘ಬಬಬ’, ‘ದದದ’ ಎಂಬಂಥ ತೊದಲು ಇಲ್ಲದಿದ್ದರೆ ‘ಮುಂದೆ ಸರಿಹೋಗುತ್ತದೆ’ ಎಂದು ಕಾಯದೆ ಶ್ರವಣ ಪರೀಕ್ಷೆ ಮಾಡಿಸಿ. ಬಂದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲೇ ಆದರೂ ತಡಮಾಡಬಾರದು.

– ವಾಕ್ ಮತ್ತು ಶ್ರವಣ ತಜ್ಞ

*

ಅತ್ತೆಯವರನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ, ಕೆಲಸದಲ್ಲಿ ಸೇರಿಸಿಕೊಳ್ಳಿ. ಅಡುಗೆ ಮಾಡುವಾಗ ಅಳುವ ಕೂಸನ್ನು ಯಾರಾದರೂ ಹಿಡಿಯಬೇಕಲ್ಲ. ಫೋನ್ ಹೆಚ್ಚಾಗಿ ಕೈಗೆ ಬರುವುದೂ ಆಗಲೇ. ಆ ಅರ್ಧ ಗಂಟೆಗೆ ಮೊಮ್ಮಗಳನ್ನೂ ಫೋಟೊ ಪುಸ್ತಕವನ್ನೂ ಅವರ ಮಡಿಲಿಗೆ ಕೊಡಿ. ಅಕ್ಷರ ಓದಲು ಬರಲಿ ಬಾರದಿರಲಿ, ಕನ್ನಡಕ ಸಿಗಲಿ ಸಿಗದಿರಲಿ, ಫೋಟೊದಲ್ಲಿರುವವರ ಹೆಸರು ಹೇಳುವುದಕ್ಕೆ, ಅವರ ಬಗ್ಗೆ ಎರಡು ಮಾತಾಡುವುದಕ್ಕೆ ಅವರಿಗಿಂತ ಯೋಗ್ಯರು ಮನೆಯಲ್ಲಿ ಯಾರಿದ್ದಾರೆ? ತಮಗೆ ಬರುವ ಶಿಶುಗೀತೆ, ಚಪ್ಪಾಳೆಯ ಆಟ ಎಲ್ಲವನ್ನೂ ಜೊತೆಗೆ ಸೇರಿಸಲಿ. ಮನೆಮಾತಿನಲ್ಲೇ ಮಾತಾಡಲಿ, ಶಾಲೆಯ ಭಾಷೆಗೆ ಈಗಲೇ ತಿದ್ದಬೇಕಿಲ್ಲ.

ರಾತ್ರಿಯ ಕ್ರಮ ಮಾತ್ರ ದಿನವೂ ಒಂದೇ ಇರಲಿ: ಮೈ ಒರೆಸಿ ಬಟ್ಟೆ ಬದಲಿಸುವುದು, ಹಾಲು, ಬೆಳಕು ತಗ್ಗಿಸಿ ಒಂದು ಪುಸ್ತಕ, ಹಾಸಿಗೆ. ಪುಸ್ತಕ ಹಾಲಿನ ನಂತರವೇ ಬರಲಿ, ಇಲ್ಲವಾದರೆ ಹಾಲು ಕುಡಿಯುತ್ತಲೇ ನಿದ್ದೆ ಹೋಗುವುದು ಅಭ್ಯಾಸವಾಗುತ್ತದೆ. ಮೊದಲ ಹಲ್ಲು ಬಂದಿದ್ದರೆ ಹಾಲಿಗೂ ಪುಸ್ತಕಕ್ಕೂ ನಡುವೆ ಹಲ್ಲು ಉಜ್ಜಿಬಿಡಿ. ಮನೆಯವರ ಫೋನ್‌ಗಳ ಚಾರ್ಜರ್ ಮಲಗುವ ಕೋಣೆಯಿಂದ ಆಚೆಗೆ ಹೋಗಲಿ.

– ಶಿಶುವಿಹಾರದ ಶಿಕ್ಷಕಿ