ಸಹಾಯ ಬೇಕು: ತಾಯಿಯವರೊಂದಿಗೆ ಬೊನಿಫಾಸಿಯೊ ಪ್ರವಾಸ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿನಲ್ಲಿ 72 ವರ್ಷದ ನನ್ನ ತಾಯಿಯವರನ್ನು ಫ್ರಾನ್ಸಿನ ಕಾರ್ಸಿಕಾ ದ್ವೀಪದ ದಕ್ಷಿಣ ತುದಿಯಲ್ಲಿರುವ ಬೊನಿಫಾಸಿಯೊಗೆ ಕರೆದೊಯ್ಯಬೇಕೆಂದಿದ್ದು, ಅಲ್ಲಿಗೆ ಹೋಗಿಬಂದವರ ಸಲಹೆ ಕೋರುತ್ತಿದ್ದೇನೆ.

ಬಿಳಿ ಸುಣ್ಣಕಲ್ಲಿನ ಬಂಡೆಯ ಬುಡವನ್ನು ಅಲೆಗಳು ಕೊರೆದಿರುವುದರಿಂದ ಸಮುದ್ರದ ಮೇಲೆಯೇ ಚಾಚಿಕೊಂಡಂತೆ ಕಾಣುವ ಆ ಮನೆಗಳ ಚಿತ್ರವನ್ನು ಅಮ್ಮ ಪತ್ರಿಕೆಯಿಂದ ಕತ್ತರಿಸಿ, ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಕೊಂಡಿದ್ದಾರೆ. ಅವರ ಮಂಡಿನೋವೇ ನನ್ನ ಚಿಂತೆ. ಬಂಡೆಯ ಮೈಯಲ್ಲೇ ಕಡಿದಿರುವ ಅರಗಾನ್ ರಾಜನ ಮೆಟ್ಟಿಲುಗಳು 187 ಇದ್ದು, 1420ರ ಮುತ್ತಿಗೆಯಲ್ಲಿ ಈಗಿನ ಸ್ಪೇನಿನ ಭಾಗವಾದ ಅರಗಾನಿನ ರಾಜ ಐದನೆಯ ಅಲ್ಫಾನ್ಸೊನ ಸೈನಿಕರು ಒಂದೇ ರಾತ್ರಿಯಲ್ಲಿ ಅವನ್ನು ಕಡಿದರೆಂಬ ಐತಿಹ್ಯವಿದೆ; ಸಿಹಿನೀರಿನ ಸೆಲೆಗೆ ಇಳಿಯಲು ಅದಕ್ಕೂ ಮೊದಲೇ ಮಾಡಿಕೊಂಡ ದಾರಿಯೆಂಬ ಮಾತೇ ನನಗೆ ಹೆಚ್ಚು ನಂಬಲರ್ಹವೆನಿಸುತ್ತದೆ. ಅಲ್ಲಿಗೆ ನಾನೊಬ್ಬನೇ ಇಳಿದು ಬರುತ್ತೇನೆ. ಆದರೆ ಕೆಳಗಿನ ಬಂದರಿನಿಂದ ಮೇಲಿನ ಕೋಟೆಯ ಊರಿಗೆ ಅಮ್ಮ ಏರು ಹತ್ತದೆ ತಲುಪುವುದು ಹೇಗೆ? ಕೋಟೆಯೊಳಗೇ ನೆಲಮಹಡಿಯ ಕೋಣೆ ಸಿಗುವುದೇ, ಅಥವಾ ಬಂದರಿನ ಬಳಿ ಉಳಿಯುವುದು ಒಳ್ಳೆಯದೇ?

ಇಟಲಿಯ ಸಾರ್ಡಿನಿಯಾದಲ್ಲಿರುವ ಸಾಂತಾ ತೆರೆಸಾ ಗಲ್ಲೂರಾದಿಂದ ಜಲಸಂಧಿ ದಾಟಿ, ಸುಮಾರು ಒಂದು ಗಂಟೆಯ ಹಡಗು ಪ್ರಯಾಣದಲ್ಲಿ ಬರುವ ಯೋಚನೆಯಿದೆ. ಅಲ್ಲಿನ ಗಾಳಿ ಬಲು ಜೋರು, ಅಮ್ಮನಿಗೆ ಘಾಟಿಯ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಹಿರಿಯರೊಂದಿಗೆ ಈ ದಾರಿಯಲ್ಲಿ ಹೋದವರು ಯಾವ ಹೊತ್ತಿನ ಹಡಗು ಹಿತಕರವೆಂದು ದಯವಿಟ್ಟು ತಿಳಿಸಿ. ಈ ತಿಂಗಳಲ್ಲೇ ಟಿಕೆಟ್ ಕಾದಿರಿಸಬೇಕಾಗಿದೆ.